ಸರ್ಪಸುತ್ತು: ಜೀವಕೋಶದೊಳಗಿನ ಒಳಸಂಚು

ಬೆನ್ನಿನಿಂದ ಪಕ್ಕೆಯ ಮೇಲೆ ಹಾದು ಎದೆಯವರೆಗೆ ನೀರುಗುಳ್ಳೆಗಳ ಸಾಲು, ಬೆಂಕಿ ಇಟ್ಟಂತೆ ಉರಿ. ಇದೇ ಸರ್ಪಸುತ್ತು. ಹಾವಿನ ತಲೆಯೂ ಬಾಲವೂ ಕೂಡಿದರೆ ಪ್ರಾಣಕ್ಕೇ ಸಂಚಕಾರವೆಂದು ಹೆದರಿ, ಕೆಮ್ಮಣ್ಣು ಹಚ್ಚಿಸಿ, ಮಂತ್ರ ಹಾಕಿಸಿ, ಐದಾರು ದಿನ ಕಳೆದ ಮೇಲೆ ವೈದ್ಯರ ಬಳಿ ಬರುವವರು ಇಂದಿಗೂ ಇದ್ದಾರೆ. ಆ ಐದಾರು ದಿನಗಳ ಬೆಲೆ ಏನೆಂದು ತಿಳಿಯಬೇಕಾದರೆ ಜೀವಕೋಶದೊಳಗೆ ಇಣುಕಬೇಕು.

ನಿಮಗೆ ಬಾಲ್ಯದಲ್ಲಿ ಸೀತಾಳೆ ಸಿಡುಬು ಆಗಿತ್ತೇ? ಇದೂ ಅದೇ ವೈರಸ್, ಹರ್ಪಿಸ್ ಕುಟುಂಬದ್ದು. ಗುಳ್ಳೆ ಒಣಗಿದರೂ ಅದು ಮೈಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅವಿತು ಕುಳಿತಿರುತ್ತದೆ. ವಯಸ್ಸಿನಿಂದಲೋ ಕಾಯಿಲೆಯಿಂದಲೋ ದೇಹದ ರೋಗನಿರೋಧಕ ಶಕ್ತಿ ಕುಂದಿದಾಗ ಎಚ್ಚೆತ್ತು, ಒಂದು ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ. ಆ ನರ ಹರಡುವುದು ದೇಹದ ಒಂದೇ ಬದಿಗೆ. ಹಾಗಾಗಿ ಗುಳ್ಳೆಗಳು ಸಾಮಾನ್ಯವಾಗಿ ನಡುಗೆರೆ ದಾಟುವುದಿಲ್ಲ. ದಾಟಿದರೂ ಅದರಿಂದಲೇ ಸಾವು ಬರುವುದಿಲ್ಲ.

ಎಚ್ಚೆತ್ತ ವೈರಸ್ ಕೆಲವೇ ಪ್ರೋಟೀನುಗಳಿಂದ ಕೆಲಸ ಆರಂಭಿಸುತ್ತದೆ. ಇವು ನಮ್ಮ ಜೀವಕೋಶದ ಪ್ರೋಟೀನುಗಳೊಡನೆ ಕೈಜೋಡಿಸಿ ವೈರಸ್ಸಿನ ಉಳಿದ ಜೀನುಗಳನ್ನು ಚಾಲೂ ಮಾಡುತ್ತವೆ. ತುಟಿಯಂಚಿನಲ್ಲಿ ಗುಳ್ಳೆ ತರುವ ಸೋದರ ವೈರಸ್ಸಿನಲ್ಲಿ ಈ ಒಳಸಂಚು ಚೆನ್ನಾಗಿ ಬಯಲಾಗಿದೆ. ಅದರ ‘ವಿಪಿ–16’ ಎಂಬ ಪ್ರೋಟೀನಿಗೆ ಒಂಟಿಯಾಗಿ ಈ ಕೆಲಸ ಸಾಗದು. ನಮ್ಮವೇ ಆದ ಎರಡು ಪ್ರೋಟೀನುಗಳ ಜೊತೆ ಸೇರಿದರೆ ಮಾತ್ರ ಅದರ ಆಟ. ಮನೆಯ ಆಳುಗಳೇ ಕಳ್ಳನಿಗೆ ಬಾಗಿಲು ತೆಗೆದಂತೆ! ಮುಂದಿನ ತಂಡದ ಪ್ರೋಟೀನುಗಳು ವೈರಸ್ಸಿನ ಡಿಎನ್‌ಎಯ ನಕಲು ತೆಗೆಯುತ್ತವೆ, ಕೊನೆಯವು ಹೊರಕವಚ ಕಟ್ಟುತ್ತವೆ.

ಈ ಎರಡನೆಯ ತಂಡದಲ್ಲೇ ನಮಗೆ ಅನುಕೂಲವಾದ ಒಂದು ಪ್ರೋಟೀನಿದೆ, ಥೈಮಿಡಿನ್ ಕೈನೇಸ್. ಅಸೈಕ್ಲೊವಿರ್ ಮಾತ್ರೆ ಆರೋಗ್ಯವಂತ ಜೀವಕೋಶದಲ್ಲಿ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ವೈರಸ್ ಇರುವ ಕೋಶದಲ್ಲಿ ಮಾತ್ರ ಈ ಕೈನೇಸ್ ಅದಕ್ಕೆ ಮೊದಲ ಕೀಲಿ ಕೊಡುತ್ತದೆ, ಉಳಿದದ್ದನ್ನು ನಮ್ಮ ಕಿಣ್ವಗಳು ಪೂರೈಸುತ್ತವೆ. ಹೀಗೆ ಸಿದ್ಧವಾದ ಔಷಧಿ ಡಿಎನ್‌ಎ ಸರಪಳಿಯೊಳಗೆ ನುಸುಳಿ ಅದು ಮುಂದೆ ಬೆಳೆಯದಂತೆ ತಡೆಯುತ್ತದೆ. ಈ ಔಷಧಿಯ ಹಿಂದಿದ್ದ ಗರ್ಟ್ರೂಡ್ ಎಲಿಯನ್ ಅವರು 1988ರ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಡನೆ ಹಂಚಿಕೊಂಡರು.

ನಕಲುಗಳೆಲ್ಲ ಆಗಿ, ನರಕ್ಕೆ ಪೆಟ್ಟು ಬಿದ್ದ ಮೇಲೆ ಇದೇ ಮಾತ್ರೆಯಿಂದ ಹೆಚ್ಚು ಪ್ರಯೋಜನವಿಲ್ಲ. ಆದ್ದರಿಂದ ಗುಳ್ಳೆ ಕಂಡ 72 ಗಂಟೆಯೊಳಗೆ ಶುರುಮಾಡಬೇಕು. ದೊಡ್ಡವರಿಗೆ ಸಾಮಾನ್ಯವಾಗಿ 800 ಮಿಲಿಗ್ರಾಂ, ದಿನಕ್ಕೆ ಐದು ಸಲ, ಏಳು ದಿನ. ಮೂತ್ರಪಿಂಡದ ತೊಂದರೆ ಇದ್ದರೆ ಪ್ರಮಾಣ ಬದಲಾಗುತ್ತದೆ, ಅಂಗಡಿಯಿಂದ ನೀವೇ ತಂದು ನುಂಗಬೇಡಿ. ತಡಮಾಡಿದರೆ ಗುಳ್ಳೆ ಮಾಯ್ದರೂ, ಅಂಗಿ ತಾಗಿದರೂ ಸಹಿಸಲಾಗದ ನರದ ನೋವು ತಿಂಗಳುಗಟ್ಟಲೆ, ಕೆಲವು ವೃದ್ಧರಲ್ಲಿ ವರ್ಷಗಟ್ಟಲೆ ಉಳಿಯಬಹುದು. ಹಣೆಯ ಮೇಲೆ, ಅದರಲ್ಲೂ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ, ದೃಷ್ಟಿಗೇ ಅಪಾಯವಾಗಬಹುದು. ನರಗಂಟಿನಲ್ಲಿ ಮಲಗಿರುವ ವೈರಸ್ ಕೈನೇಸ್ ತಯಾರಿಸುವುದಿಲ್ಲವಾದ್ದರಿಂದ ಮಾತ್ರೆಗೆ ಅದು ಸಿಕ್ಕುವುದಿಲ್ಲ.

50 ದಾಟಿದವರಿಗೆ ಲಸಿಕೆಯಿದೆ. ವೈರಸ್ಸಿನ ಹೊರಮೈಯ ‘ಇ’ ಎಂಬ ಒಂದೇ ಪ್ರೋಟೀನಿನಿಂದ ತಯಾರಿಸಿದ್ದು, ಭಾರತಕ್ಕೆ 2023ರಲ್ಲಿ ಬಂತು. ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು. ಬೆಲೆ ಮಾತ್ರ ದುಬಾರಿ.

ಸ್ನಾನ ಮಾಡಬಹುದೇ ಎಂದು ಬಹಳ ಮಂದಿ ಕೇಳುತ್ತಾರೆ. ಧಾರಾಳವಾಗಿ ಮಾಡಿ, ಪಥ್ಯವೂ ಬೇಡ. ಗುಳ್ಳೆಗಳು ಒಣಗಿ ಹೊಪ್ಪಳೆ ಕಟ್ಟುವವರೆಗೆ ಬಟ್ಟೆಯಿಂದ ಮುಚ್ಚಿಡಿ. ಸೀತಾಳೆ ಸಿಡುಬು ಆಗದ ಬಸುರಿಯರನ್ನೂ ಎಳೆಗೂಸುಗಳನ್ನೂ ಅಷ್ಟು ದಿನ ದೂರವಿಡಿ.