ಬಾಗಿಲು ಒಳಗಿನಿಂದ ತೆರೆಯುತ್ತಾ?

ಮೊನ್ನೆ ಅಕ್ಕ ಫೋನ್ ಮಾಡಿದ್ಲು. ಮಗನಿಗೆ ಹನ್ನೊಂದು ತುಂಬುತ್ತೆ, ಈ ಸಲ ಮನೇಲಿ ಬಲೂನು ಕಟ್ಟೋದು ಬೇಡ್ವಂತೆ, ಎಸ್ಕೇಪ್ ರೂಮೇ ಆಗಬೇಕಂತೆ. "ಇಂಜಿನಿಯರಿಂಗ್ ಓದಿದೋನು ನೀನು, ಒಂದು ಒಳ್ಳೇ ಜಾಗ ನೋಡಿ ಹೇಳು" ಅಂದ್ಲು.

ಗೊತ್ತಿಲ್ಲದವರಿಗೆ ಒಂದು ಮಾತು. ಒಂದು ಕೋಣೆ, ಒಂದು ಕಥೆ, ಸುಮಾರು ಒಂದು ಗಂಟೆ. ಒಳಗಿನ ಒಗಟುಗಳನ್ನು ಬಿಡಿಸಿದರೆ ಬಾಗಿಲು ತೆರೆಯುತ್ತೆ. ಕಂಪ್ಯೂಟರ್‌ನಲ್ಲಿದ್ದ ಈ ಆಟವನ್ನು 2007ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಕಾವೊ ಕಾಟೊ ನಿಜವಾದ ಕೋಣೆಗೆ ತಂದರು. ಮಕ್ಕಳು ಒಂದು ಗಂಟೆ ಮೊಬೈಲ್ ಮರೆತು ತಲೆ ಓಡಿಸ್ತಾರೆ ಅಂದ್ರೆ ಬೇಡ ಅನ್ನೋಕೆ ನಾನ್ಯಾರು?

ಆದರೆ ವೀಕ್ಷಕರೇ, 2019ರ ಜನವರಿ 4ನ್ನು ನಾನು ಮರೆಯಲಾರೆ. ಪೋಲೆಂಡಿನ ಕೊಶಾಲಿನ್ ಪಟ್ಟಣ. ಒಬ್ಬಳ ಹುಟ್ಟುಹಬ್ಬಕ್ಕೆಂದು 15 ವರ್ಷದ ಐವರು ಹುಡುಗಿಯರು ಎಸ್ಕೇಪ್ ರೂಮಿಗೆ ಹೋದರು. ಹೊರಗಿನ ಕೋಣೆಯಲ್ಲಿ ಹೀಟರಿನ ಗ್ಯಾಸ್ ಸೋರಿ ಬೆಂಕಿ ಹತ್ತಿತು. ಬೆಂಕಿ ಇದ್ದದ್ದೇ ಹೊರಬರುವ ದಾರಿಯಲ್ಲಿ. ಇನ್ನೊಂದು ದಾರಿ ಇರಲಿಲ್ಲ. ಐವರೂ ಕಾರ್ಬನ್ ಮೊನಾಕ್ಸೈಡ್‌ಗೆ ಬಲಿಯಾದರು. ಆಮೇಲೆ ಆ ದೇಶದಲ್ಲಿ ಇಂಥ ಜಾಗಗಳನ್ನೆಲ್ಲ ತಪಾಸಣೆ ಮಾಡಿದರು. ಆಮೇಲೆ! ನಮ್ಮಲ್ಲೂ ಅಷ್ಟೇ ತಾನೇ? 2024ರ ಮೇನಲ್ಲಿ ರಾಜ್‌ಕೋಟ್‌ನ ಗೇಮ್ ಜೋನ್ ಉರಿದು ಮಕ್ಕಳೂ ಸೇರಿ 25ಕ್ಕೂ ಹೆಚ್ಚು ಜನ ಸತ್ತ ಮೇಲೇ, ಅದಕ್ಕೆ ಅಗ್ನಿಶಾಮಕ ಇಲಾಖೆಯ ಎನ್‌ಓಸಿ ಇರಲಿಲ್ಲ ಅನ್ನೋದು ಸುದ್ದಿಯಾದದ್ದು.

ಹಾಗಾಗಿ ಥೀಮು, ಕೇಕು, ರಿಯಾಯಿತಿ ಎಲ್ಲ ಆಮೇಲೆ. ಮೊದಲು ಬೀಗ ನೋಡಿ. ಈ ಕೋಣೆಗಳಲ್ಲಿ ಸಾಮಾನ್ಯವಾಗಿ ಇರೋದು ವಿದ್ಯುತ್ಕಾಂತದ ಬೀಗ. ಕರೆಂಟ್ ಹರಿಯುವಷ್ಟು ಹೊತ್ತು ಬಾಗಿಲನ್ನು ಹಿಡಿದಿರುತ್ತೆ, ಕರೆಂಟ್ ಹೋದರೆ ಬಿಡುತ್ತೆ. ಕೇಳೋಕೆ ಸುರಕ್ಷಿತ. ಆದರೆ ಬೆಂಗಳೂರಲ್ಲಿ ಯುಪಿಎಸ್ ಇಲ್ಲದ ಅಂಗಡಿ ಎಲ್ಲಿದೆ ಹೇಳಿ? ನಾನು ನೋಡಿದ ಮೊದಲ ಜಾಗದ ಮ್ಯಾನೇಜರ್ ಹೆಮ್ಮೆಯಿಂದ ಹೇಳಿದ್ರು: "ಕರೆಂಟ್ ಹೋದ್ರೂ ಬಾಗಿಲು ತೆಗೆಯಲ್ಲ ಸಾರ್, ಬ್ಯಾಟರಿ ಇದೆ." ನನಗೆ ಬೇಕಿದ್ದದ್ದು ಇದರ ಉಲ್ಟಾ! ಬಾಗಿಲ ಪಕ್ಕದಲ್ಲಿ, ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ, ಬೀಗದ ಕರೆಂಟನ್ನೇ ನೇರವಾಗಿ ಕಡಿಯುವ ಗುಂಡಿ ಇರಬೇಕು. ಅವರು ತೋರಿಸಿದ್ದು ಒಂದು ಕ್ಯಾಮೆರಾ. ಕ್ಯಾಮೆರಾ ನೋಡುತ್ತೆ ಸ್ವಾಮಿ, ಬಾಗಿಲು ತೆಗೆಯಲ್ಲ.

ಎರಡನೇ ಜಾಗದಲ್ಲಿ ಕೌಂಟರಿನ ಹುಡುಗಿ ನಾನು ಕೇಳೋ ಮೊದಲೇ ಹಸಿರು ಗುಂಡಿ ಒತ್ತಿ ತೋರಿಸಿದ್ಲು. ಟಕ್ ಅಂತ ತೆರೆಯಿತು. ಕಾರಿಡಾರಿನ ಆ ತುದಿಯ ಮೆಟ್ಟಿಲಿಗೂ ಕರೆದೊಯ್ದಳು, ಅಲ್ಲಿ ರಟ್ಟಿನ ಡಬ್ಬ ತುಂಬಿರಲಿಲ್ಲ. ಅಲ್ಲೇ ಬುಕ್ ಮಾಡಿದೆ.

ಉಳಿದದ್ದು ಸುಲಭ. ಹನ್ನೆರಡು ಮಕ್ಕಳನ್ನು ಒಂದೇ ಕೋಣೆಗೆ ತುರುಕಿದರೆ ನಾಲ್ವರು ಆಡ್ತಾರೆ, ಮಿಕ್ಕವರು ಕಿತ್ತಾಡ್ತಾರೆ. ಎರಡು ತಂಡ ಮಾಡಿ, ಪ್ರತಿ ತಂಡದ ಜೊತೆ ಒಬ್ಬ ದೊಡ್ಡವರು ಒಳಗೆ ಹೋಗಲಿ. ಭೂತದ ಥೀಮು ಬೇಡ. ಗುಂಪಿನಲ್ಲಿ ಹೆದರುವ ಒಂದು ಮಗು ಇದ್ದೇ ಇರುತ್ತೆ, ಅದು ಬಾಯಿಬಿಟ್ಟು ಹೇಳಲ್ಲ. ಕೇಕಿನ ಮೇಣದಬತ್ತಿ ಕೋಣೆಯ ಹೊರಗೇ ಇರಲಿ.

ಹುಟ್ಟುಹಬ್ಬದ ದಿನ ಎರಡೂ ತಂಡಕ್ಕೆ ಆ ಗುಂಡಿ ತೋರಿಸಿಯೇ ಒಳಗೆ ಬಿಟ್ಟೆ. ಮೂರನೇ ನಿಮಿಷಕ್ಕೇ ಬಾಗಿಲು ತೆರೆಯಿತು. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು ಹಸಿರು ಗುಂಡಿ ಒತ್ತಿ ನಿಂತಿದ್ದಳು. "ನಿಜವಾಗ್ಲೂ ತೆಗೆಯುತ್ತಾ ಅಂತ ನೋಡ್ದೆ ಅಂಕಲ್" ಅಂದ್ಲು. ನನ್ನ ಅಳಿಯ ಮುಖ ಊದಿಸಿಕೊಂಡ. ಕೌಂಟರಿನ ಹುಡುಗಿ ನಗುತ್ತಾ ಗಡಿಯಾರವನ್ನು ಮತ್ತೆ ಮೊದಲಿಂದ ಶುರು ಮಾಡಿದ್ಲು.