ಗೊಣಗುವವರ ಮೂಲೆಯಲ್ಲಿ ನಿಂತು

ಹ್ಯಾಂಬರ್ಗ್‌ನ ಬಾರೆನ್‌ಫೆಲ್ಡ್ ನಿಲ್ದಾಣದಲ್ಲಿ ಎಸ್-ಬಾನ್ ರೈಲಿಳಿದು ಸ್ವಲ್ಪ ನಡೆದರೆ ವಸತಿ ಕಟ್ಟಡಗಳ ನಡುವೆ ಅಡಾಲ್ಫ್ ಯೇಗರ್ ಮೈದಾನ. 1893ರಲ್ಲಿ ಹುಟ್ಟಿದ ಆಲ್ಟೋನಾ 93 ಫುಟ್‌ಬಾಲ್ ಕ್ಲಬ್ ನೂರು ವರ್ಷಕ್ಕೂ ಮೀರಿ ಇಲ್ಲೇ ಆಡುತ್ತಿದೆ. ಒಂದು ಬದಿಯಲ್ಲಷ್ಟೇ ಸೂರಿದೆ. ಉಳಿದ ಕಡೆ ಮೆಟ್ಟಿಲುಗಳ ಸಂದಿಯಲ್ಲಿ ಹುಲ್ಲು ಹುಟ್ಟಿದೆ, ಅದನ್ನು ಕೀಳುವ ಅವಸರ ಯಾರಿಗೂ ಇದ್ದಂತಿಲ್ಲ.

ನಾನು ನಿಂತದ್ದು ‘ಮೆಕರೆಕೆ’ಯಲ್ಲಿ. ಗೊಣಗುವವರ ಮೂಲೆ ಎಂದೇ ಅದಕ್ಕೆ ಹೆಸರು. ಒಂದು ಕೈಯಲ್ಲಿ ಬ್ರೆಡ್ಡಿನೊಳಗೆ ತುರುಕಿದ ಸಾಸೇಜು, ಇನ್ನೊಂದರಲ್ಲಿ ಬಿಯರು ಹಿಡಿದ ಹಿರಿಯರು ಲೈನ್ಸ್‌ಮನ್‌ಗೆ ಕೇಳಲೆಂದೇ ಗೊಣಗುತ್ತಾರೆ. ಅವನಿಗೆ ಕೇಳದಿರಲು ಸಾಧ್ಯವೂ ಇಲ್ಲ, ಅಷ್ಟು ಹತ್ತಿರ. ಗೋಲಿ ಸಹ ಆಟಗಾರನಿಗೆ ಬೈದದ್ದು, ಬೂಟಿಗೆ ಬೂಟು ತಗುಲಿದ್ದು ಎಲ್ಲ ಕಿವಿಗೆ ಬೀಳುತ್ತವೆ. ಕೋಟಿಗಟ್ಟಲೆ ಸುರಿದ, ಅಗ್ರ ದರ್ಜೆಯ ಬುಂಡೆಸ್‌ಲೀಗಾ ಕ್ರೀಡಾಂಗಣದ ಮೇಲಂತಸ್ತಿನಲ್ಲಿ ಕೂತವರಿಗೆ ಈ ಭಾಗ್ಯವಿಲ್ಲ.

ಮೈದಾನಕ್ಕೆ ಹೆಸರಾದ ಯೇಗರ್ ಜರ್ಮನಿ ಪರ 18 ಪಂದ್ಯ ಆಡಿ 11 ಗೋಲು ಹೊಡೆದವನು. 1944ರಲ್ಲಿ ಬಾಂಬ್ ನಿಷ್ಕ್ರಿಯಗೊಳಿಸುವ ಕೆಲಸದಲ್ಲಿದ್ದಾಗ ಸತ್ತ. 1903ರಲ್ಲಿ ಜರ್ಮನಿಯ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ಫೈನಲ್ ನಡೆದದ್ದೂ ಈ ಆಲ್ಟೋನಾ ಪ್ರದೇಶದಲ್ಲೇ. ಲೈಪ್‌ಜಿಗ್ 7–2ರಿಂದ ಪ್ರಾಗ್ ತಂಡವನ್ನು ಬಗ್ಗುಬಡಿಯಿತು. ಸರಿಯಾದ ಚೆಂಡು ಸಿಗದೆ ಆಟ ತಡವಾಗಿ ಶುರುವಾಯಿತಂತೆ!

ಜರ್ಮನಿಯ ಐದನೇ ದರ್ಜೆಯಲ್ಲಿ 14 ಪ್ರಾದೇಶಿಕ ಲೀಗ್‌ಗಳಿವೆ. ಆಲ್ಟೋನಾ ಹಲವು ಋತು ಆಡಿದ ಓಬರ್‌ಲೀಗಾ ಹ್ಯಾಂಬರ್ಗ್ ಅವುಗಳಲ್ಲೊಂದು. ವಿಚಿತ್ರವೆಂದರೆ ಇಲ್ಲಿ ಗೆದ್ದವರೆಲ್ಲ ಮೇಲೇರಲು ಹಾತೊರೆಯುವುದಿಲ್ಲ. ಡಾಸೆನ್‌ಡಾರ್ಫ್ ಎಂಬ ಹಳ್ಳಿಯ ಕ್ಲಬ್ ಹಲವು ಬಾರಿ ಚಾಂಪಿಯನ್ ಆಗಿಯೂ ಬಡ್ತಿಯತ್ತ ತಿರುಗಿ ನೋಡಲಿಲ್ಲ. ಮೇಲಿನ ರೀಜನಲ್‌ಲೀಗಾಗೆ ಹೋದರೆ ದೂರದೂರಿನ ಪ್ರಯಾಣ, ಭದ್ರತಾ ನಿಯಮಕ್ಕೆ ತಕ್ಕ ಮೈದಾನ, ಎಲ್ಲಕ್ಕೂ ದುಡ್ಡು ಬೇಕು. ಆಟಗಾರರಲ್ಲಿ ಹೆಚ್ಚಿನವರು ಹಗಲು ಬೇರೆ ಕೆಲಸ ಮಾಡುವವರು. ಆಲ್ಟೋನಾ 2017ರಲ್ಲಿ ಏರಿ ನೋಡಿತು, ಒಂದೇ ಋತುವಿನಲ್ಲಿ ಇಳಿದುಬಂತು. ಹಾಸಿಗೆ ಇದ್ದಷ್ಟೇ ಕಾಲು ಚಾಚಿದ ಡಾಸೆನ್‌ಡಾರ್ಫ್‌ನವರನ್ನು ಹೇಡಿಗಳೆನ್ನಲು ನನಗಂತೂ ಮನಸ್ಸಿಲ್ಲ.

ಆದರೆ ಈ ಮೈದಾನಕ್ಕೆ ಆಯಸ್ಸು ಹೆಚ್ಚಿಲ್ಲ. ಸಾಲದ ಹೊರೆಯಿದ್ದ ಕ್ಲಬ್ 2007ರಲ್ಲೇ ಜಾಗ ಮಾರಿತು. ಇಲ್ಲಿ ಮನೆಗಳನ್ನು ಕಟ್ಟಿ, ಕ್ಲಬ್ಬನ್ನು ಬೇರೆಡೆಗೆ ಕಳಿಸುವ ಯೋಜನೆ ಅಂದಿನಿಂದ ಕುಂಟುತ್ತ ಸಾಗಿದೆ. ವಾರಾಂತ್ಯಕ್ಕೆ ಹ್ಯಾಂಬರ್ಗ್‌ನಲ್ಲಿದ್ದರೆ ಬಂದರು ನೋಡುವುದನ್ನು ಅರ್ಧ ದಿನ ಮುಂದಕ್ಕೆ ಹಾಕಿ. ಕ್ಲಬ್‌ನ ವೇಳಾಪಟ್ಟಿ ನೋಡಿಕೊಂಡು, ಆಟ ಶುರುವಾಗುವ ಮುಂಚೆಯೇ ಆ ಮೂಲೆಯಲ್ಲಿ ಜಾಗ ಹಿಡಿಯಿರಿ.