ಇಂದಿನ ರೊಟ್ಟಿ ಇಂದಿಗೆ

ಯೇಸುಕ್ರಿಸ್ತನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಆಹಾರದ ಬೇಡಿಕೆ ಒಂದೇ ಒಂದು. ಅದೂ ಇಂದಿನ ದಿನದ ಮಟ್ಟಿಗೆ. ತಿಂಗಳಿಗೆ ಸಾಲುವ ದಿನಸಿಯನ್ನಾಗಲಿ, ಮುಪ್ಪಿಗೆ ಒದಗುವ ಗಂಟನ್ನಾಗಲಿ ಅಲ್ಲಿ ಕೇಳಿಲ್ಲ. ತಿಂಗಳ ಕೊನೆಯ ವಾರದಲ್ಲಿ ಡಬ್ಬಿಗಳ ತಳ ಕಾಣುವ ಸಂಸಾರಸ್ಥರಿಗೆ ಇದು ಹೇಳಲು ಸುಲಭ, ನಡೆಯಲು ಕಷ್ಟ ಎಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಈ ಬೇಡಿಕೆಯನ್ನು ಅಕ್ಷರಶಃ ನಂಬಿ, ಸಾವಿರಾರು ಅನಾಥ ಮಕ್ಕಳ ಹೊಟ್ಟೆಯ ಹೊಣೆ ಹೊತ್ತವನೊಬ್ಬನು ಇದ್ದನು.

ಜಾರ್ಜ್ ಮುಲ್ಲರನು 1805ರಲ್ಲಿ ಪ್ರಷ್ಯ ದೇಶದಲ್ಲಿ ಜನಿಸಿದನು. ತಂದೆ ಸುಂಕದ ಅಧಿಕಾರಿ. ಮನೆಯಲ್ಲಿರುತ್ತಿದ್ದ ಸರಕಾರದ ಹಣವನ್ನೇ ಬಾಲಕ ಮುಲ್ಲರನು ಕದಿಯುತ್ತಿದ್ದನು. ವಸತಿಗೃಹಕ್ಕೆ ಬಾಡಿಗೆ ಕೊಡದೆ ಮೋಸ ಮಾಡಿ 16ನೆಯ ವಯಸ್ಸಿನಲ್ಲಿಯೇ ಸೆರೆಮನೆಯನ್ನೂ ಕಂಡನು. ಹಾಲೆ ನಗರದಲ್ಲಿ ವಿದ್ಯಾರ್ಥಿಯಾಗಿದ್ದಾಗ 1825ರಲ್ಲಿ ಆತನ ಮನಸ್ಸು ತಿರುಗಿತು. 1829ರಲ್ಲಿ ಇಂಗ್ಲೆಂಡಿಗೆ ಬಂದು ಧರ್ಮಬೋಧಕನಾದನು. ಮರುವರ್ಷವೇ ನಿಶ್ಚಿತ ಸಂಬಳವನ್ನು ಬಿಟ್ಟುಕೊಟ್ಟನು.

ಬ್ರಿಸ್ಟಲ್ ನಗರದಲ್ಲಿ ಆತನು ಕಂಡ ಭಕ್ತರಲ್ಲಿ ಅನೇಕರು ನಾಳೆಯ ಭಯದಲ್ಲಿ ಬೇಯುತ್ತಿದ್ದರು. ದಿನಕ್ಕೆ 14-16 ಗಂಟೆ ದುಡಿದರೂ ಸಾಲದು ಎನ್ನುವವರು, ಮುಪ್ಪಿನಲ್ಲಿ ಗತಿಯೇನು ಎಂದು ಕೊರಗುವವರು. ದೇವರು ಇಂದಿಗೂ ನಂಬಿಗಸ್ತನೆಂಬುದನ್ನು ಇವರ ಕಣ್ಣೆದುರಿಗೇ ತೋರಿಸಬೇಕು, ಜೊತೆಗೆ ಅನಾಥರನ್ನೂ ಸಲಹಬೇಕು ಎಂದು 1836ರಲ್ಲಿ ವಿಲ್ಸನ್ ಬೀದಿಯ ಮನೆಯೊಂದರಲ್ಲಿ ಅನಾಥಾಲಯವನ್ನು ತೆರೆದನು. ಮನುಷ್ಯರ ಮುಂದೆ ಕೈಚಾಚಬಾರದು, ಸಾಲ ಮಾಡಬಾರದು, ಬಂದುದಕ್ಕೆಲ್ಲ ಲೆಕ್ಕ ಒಪ್ಪಿಸಬೇಕು: ಇವು ಆತನ ನಿಯಮಗಳು. ತಂದೆಯ ಪೆಟ್ಟಿಗೆಗೆ ಕೈಹಾಕಿದ್ದವನು ಕಾಸುಕಾಸಿಗೂ ಲೆಕ್ಕ ಬರೆದು ವರ್ಷವರ್ಷವೂ ಅಚ್ಚು ಹಾಕಿಸಿದನು.

ಈ ಲೆಕ್ಕಪತ್ರವೇ ಮರೆಮಾಚಿದ ಭಿಕ್ಷಾಪತ್ರವಲ್ಲವೆ ಎಂದು ಓದುಗರು ಕೇಳಬಹುದು. ಆ ಸಂಶಯಕ್ಕೆ ಎಡೆಯುಂಟೆಂಬುದು ಮುಲ್ಲರನಿಗೂ ಗೊತ್ತಿತ್ತು. 1841ರ ಡಿಸೆಂಬರಿನಲ್ಲಿ ಕೈಯಲ್ಲಿ ಹಣವಿಲ್ಲದಿದ್ದಾಗ ಆತನು ವರದಿಯನ್ನೂ ಸಾರ್ವಜನಿಕ ಸಭೆಯನ್ನೂ ಬೇಕೆಂದೇ ಮುಂದಕ್ಕೆ ಹಾಕಿದನು. ಮುಂದಿನ ನಾಲ್ಕು ತಿಂಗಳು ಕಠಿಣ ಪರೀಕ್ಷೆಯ ಕಾಲ. ಒಂದು ಊಟಕ್ಕೂ ಮತ್ತೊಂದಕ್ಕೂ ನಡುವೆ ಏನು ಬರುವುದೋ ತಿಳಿಯದ ದಿನಗಳು. ಆದರೂ ಕೊರತೆಯ ಸುದ್ದಿ ಹೊರಗೆ ಹೋಗಲಿಲ್ಲ, ಮಕ್ಕಳ ಊಟ ತಪ್ಪಲಿಲ್ಲ.

ಈ ನಂಬಿಕೆ ಕೈಕಟ್ಟಿ ಕುಳಿತವರದಲ್ಲ. ಮುಗ್ಗಟ್ಟಿನ ದಿನಗಳಲ್ಲಿ ಅಲ್ಲಿನ ಕೆಲಸಗಾರರೇ ತಮ್ಮ ಬಳಿಯಿದ್ದ ಚಿಲ್ಲರೆ ಹಣವನ್ನು ತಂದೊಪ್ಪಿಸಿದುದುಂಟು. ಪ್ರಾರ್ಥಿಸಿದ ಕೈಗಳೇ ಕೊಡುವ ಕೈಗಳೂ ಆಗಿದ್ದವು.

1849ರಲ್ಲಿ ಆಶ್ಲಿ ಡೌನ್ ಎಂಬ ಎತ್ತರದ ಜಾಗದಲ್ಲಿ 300 ಮಕ್ಕಳಿಗೆ ಹೊಸ ಕಟ್ಟಡವಾಯಿತು; 1870ರ ವೇಳೆಗೆ ಐದು ಕಟ್ಟಡಗಳು, 2,050 ಮಕ್ಕಳಿಗೆ ಸ್ಥಳ. ಮುಲ್ಲರನ ಜೀವಮಾನದಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಅಲ್ಲಿ ಬೆಳೆದರು. ಆತನ ಕೈಯಿಂದ ಸುಮಾರು 15 ಲಕ್ಷ ಪೌಂಡು ಹಾದುಹೋಯಿತು. 1898ರಲ್ಲಿ ಮಡಿದಾಗ ಆತನ ಸ್ವಂತ ಆಸ್ತಿ 200 ಪೌಂಡಿಗೂ ಕಡಿಮೆ.

ಈ ಕಥೆಗೂ ಕನ್ನಡನಾಡಿಗೂ ಒಂದು ನಂಟುಂಟು. ನಮ್ಮ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು ಮುಲ್ಲರನ ವೃತ್ತಾಂತವನ್ನು ಓದಿ, ಭಾರತದಲ್ಲಿಯೂ ಇದು ಏಕೆ ಸಾಧ್ಯವಾಗಬಾರದು ಎಂದು ಯೋಚಿಸಿದರು. 1896-97ರ ಬರಗಾಲದಲ್ಲಿ ಹಸಿದು ಕಂಗಾಲಾದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಬಳಿಯ ಕೇಡಗಾಂವ್‌ನಲ್ಲಿ ಆಶ್ರಯವಿತ್ತರು. ಅಲ್ಲಿಯೂ ಪ್ರಾರ್ಥನೆಯೊಡನೆ ಬಾವಿ ತೋಡುವುದು, ಹೊಲ ಉಳುವುದು, ನೇಯುವುದು ನಡೆದೇ ಇದ್ದವು.

ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೆ ಎಂಬ ಗಾದೆಯನ್ನು ನಾವು ಸೋಮಾರಿಯ ಬಾಯಲ್ಲಿಯೂ ಕೇಳಿದ್ದೇವೆ, ದುಡಿದು ದಣಿದವರ ಬಾಯಲ್ಲಿಯೂ ಕೇಳಿದ್ದೇವೆ. ಮುಲ್ಲರನು ಎರಡನೆಯವರ ಪಂಕ್ತಿಗೆ ಸೇರಿದವನು. ಇಂದಿನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿ, ಇಂದಿನ ಲೆಕ್ಕವನ್ನು ಚೊಕ್ಕವಾಗಿ ಬರೆದು, ನಾಳೆಯ ಭಾರವನ್ನು ದೇವರಿಗೆ ಬಿಟ್ಟು ರಾತ್ರಿ ನಿದ್ರಿಸುವುದನ್ನು ಆತನು ಕಲಿತಿದ್ದನು.